ಕ್ಯಾಸಿಯೋ ಎಫ್‌ಎಕ್ಸ್-991ಇಎಸ್ ಪ್ಲಸ್: ಲೇತ್ ಪಕ್ಕದಲ್ಲಿ ಎರಡು ವರ್ಷ

ಈ ಕ್ಯಾಲ್ಕುಲೇಟರ್ ಬಗ್ಗೆ ಬರೆಯುವವರು ಹೆಚ್ಚಾಗಿ ಓದುವ ಹುಡುಗರು. ಪರೀಕ್ಷೆಗೆ ಬಿಡ್ತಾರಾ, ಮ್ಯಾಟ್ರಿಕ್ಸ್ ಬರುತ್ತಾ ಅನ್ನುವುದೇ ಅವರ ಪ್ರಶ್ನೆ. ನಾನು ಬರೆಯುತ್ತಿರುವುದು ವರ್ಕ್‌ಶಾಪಿನಿಂದ. ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಜಾಬ್ ಶಾಪ್ ಇದೆ. ಎರಡು ಸಿಎನ್‌ಸಿ ಲೇತ್, ಒಂದು ಹಳೇ ಸೆಂಟರ್ ಲೇತ್, ಒಂದು ಡ್ರಿಲ್ಲಿಂಗ್ ಮಷಿನ್, ಅಷ್ಟೇ. ಈ ಕ್ಯಾಲ್ಕುಲೇಟರ್ ನಮಗೆ ಒಂದೇ ಕೆಲಸಕ್ಕೆ ಬೇಕಾಯಿತು. ಲೋಹ ಕಡಿಯುವ ಚಿಕ್ಕ ಬಿಲ್ಲೆ, ಅಂದರೆ ಟಿಪ್ಪು, ಇಷ್ಟು ಹೊತ್ತು ಬಾಳಬೇಕು ಅಂದರೆ ಮಷಿನ್ ಎಷ್ಟು ವೇಗದಲ್ಲಿ ಓಡಿಸಬೇಕು ಅಂತ ಲೆಕ್ಕ ಹಾಕುವುದಕ್ಕೆ. ಆ ಕೆಲಸ ಇದು ಹೇಗೆ ಮಾಡುತ್ತದೆ ಅನ್ನುವುದನ್ನಷ್ಟೇ ಹೇಳುತ್ತೇನೆ.

ತಗೊಂಡದ್ದು ಒಂದು ಆರ್ಡರ್ ದೆಸೆಯಿಂದ. ಇಎನ್8 ಉಕ್ಕಿನ ಶಾಫ್ಟ್, 50 ಎಂಎಂ ವ್ಯಾಸ, 120 ಎಂಎಂ ಉದ್ದಕ್ಕೆ ಟರ್ನಿಂಗ್, ಫೀಡ್ (ಒಂದು ಸುತ್ತಿಗೆ ಟಿಪ್ಪು ಮುಂದೆ ಸರಿಯುವ ದೂರ) 0.25 ಎಂಎಂ. ಟಿಪ್ಪು ಕಾರ್ಬೈಡಿನ ಸಿಎನ್‌ಎಂಜಿ 120408, ನಾಲ್ಕು ಮೂಲೆಯದು; ಒಂದು ಮೂಲೆ ಸವೆದರೆ ಇನ್ನೊಂದಕ್ಕೆ ತಿರುಗಿಸುವುದು. ಹಳಬರು ಈಗಲೂ ಇದನ್ನು ವಿಡಿಯಾ ಅಂತಲೇ ಕರೆಯುತ್ತಾರೆ. ಟಿಪ್ಪಿನ ಡಬ್ಬಿಯ ಮೇಲೆ ಕಡಿಯುವ ವೇಗ ನಿಮಿಷಕ್ಕೆ 230 ಮೀಟರ್ ಅಂತ ಅಚ್ಚಾಗಿತ್ತು. ಮಾರಲು ಬಂದವರು "240 ಇಡಿ ಮೇಡಂ, ಏನೂ ಆಗಲ್ಲ" ಅಂದರು. ಇಟ್ಟೆವು. 38 ಪೀಸ್ ಆಗುವಷ್ಟರಲ್ಲಿ ಮೂಲೆ ಸವೆದು ಫಿನಿಶ್ ಕೆಡುತ್ತಿತ್ತು. ಹಾವೇರಿ ಕಡೆಯ ನಮ್ಮ ಆಪರೇಟರ್ ಹುಡುಗ "ಅಕ್ಕಾರ, ಟಿಪ್ ಹೋತ್ರೀ" ಅಂತ ಬಂದು ನಿಲ್ಲುತ್ತಿದ್ದ. ಟಿಪ್ಪು ಹೋಗಲಿ, ಹೋಗುವುದೇ ಅದರ ಹಣೆಬರಹ. ಹೊತ್ತಲ್ಲದ ಹೊತ್ತಲ್ಲಿ ಹೋಗುವುದು ಕಷ್ಟ. ಅವನು ಗಮನಿಸುವಷ್ಟರಲ್ಲಿ ಮೂರ್ನಾಲ್ಕು ಪೀಸ್ ದಪ್ಪ ಉಳಿದಿರುತ್ತಿದ್ದವು. ಅವನ್ನು ಮತ್ತೆ ಚಕ್‌ಗೆ ಹಾಕಬೇಕು. ಮೂಲೆ ತಿರುಗಿಸಿ, ಆಫ್‌ಸೆಟ್ ನೋಡಿ, ಮೊದಲ ಪೀಸ್ ಅಳೆಯುವಷ್ಟರಲ್ಲಿ ನಾಲ್ಕು ನಿಮಿಷ ಹೋಯಿತು.

ನನಗೆ ಬೇಕಿದ್ದದ್ದು ಇಷ್ಟೇ: ಟೀ ಹೊತ್ತಿಗೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ ಮೂಲೆ ತಿರುಗಿಸುವಂತಾಗಬೇಕು. ಎರಡು ಗಂಟೆಗೆ ನಮ್ಮಲ್ಲಿ 80 ಪೀಸ್ ಬರುತ್ತದೆ. ಹಾಗಾದರೆ ಒಂದು ಮೂಲೆ 80 ಪೀಸ್ ಬಾಳಲು ವೇಗ ಎಷ್ಟಿರಬೇಕು? ಡಬ್ಬಿಯಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಟಿಪ್ಪಿನ ಕಂಪನಿಗಳು ಕೊಡುವ ವೇಗ ಸಾಮಾನ್ಯವಾಗಿ 15 ನಿಮಿಷದ ಟೂಲ್ ಲೈಫ್, ಅಂದರೆ ಟಿಪ್ಪಿನ ಆಯುಷ್ಯ, ಹಿಡಿದು ಕೊಟ್ಟದ್ದು. 15 ನಿಮಿಷ ಅಂದರೆ ಟಿಪ್ಪು ಲೋಹ ಕಡಿಯುತ್ತಿರುವ ನಿಮಿಷ ಮಾತ್ರ, ಜಾಬ್ ಹಾಕುವ ತೆಗೆಯುವ ಹೊತ್ತು ಅದರಲ್ಲಿ ಸೇರಿಲ್ಲ. ಎಷ್ಟೋ ಶಾಪ್‌ಗಳಲ್ಲಿ ಇದು ಗೊತ್ತೇ ಇಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಲೆಕ್ಕ ಹೊಸದಲ್ಲ. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 26 ವರ್ಷ ಲೋಹ ಕಡಿದು ನೋಡಿ 1906ರಲ್ಲಿ ಮುಂದಿಟ್ಟದ್ದು. ವೇಗವನ್ನು ಟೂಲ್ ಲೈಫಿನ 'ಎನ್' ಘಾತದಿಂದ ಗುಣಿಸಿದರೆ ಬರುವ ಸಂಖ್ಯೆ ಬದಲಾಗುವುದಿಲ್ಲ. ಅದನ್ನು 'ಸಿ' ಅನ್ನುತ್ತಾರೆ. ಒಂದೇ ನಿಮಿಷ ಬಾಳುವ ವೇಗ ಯಾವುದೋ ಅದೇ ಸಿ. ಎನ್ ಕಾರ್ಬೈಡಿಗೆ 0.25ರ ಆಸುಪಾಸು, ಹೈಸ್ಪೀಡ್ ಸ್ಟೀಲಿಗೆ 0.125ರ ಹತ್ತಿರ. ಟೇಲರ್ ಜೊತೆಗಿದ್ದ ಕಾರ್ಲ್ ಬಾರ್ಥ್ ಅನ್ನುವವರು ಈ ಲೆಕ್ಕಕ್ಕೆಂದೇ ಸ್ಲೈಡ್ ರೂಲ್ (ಸರಿಸಿ ಉತ್ತರ ಓದುವ ಲೆಕ್ಕದ ಪಟ್ಟಿ) ಮಾಡಿಕೊಟ್ಟಿದ್ದರು. ಅದು ಕೈಯಲ್ಲಿದ್ದರೆ ಒಳ್ಳೆಯ ಕೆಲಸಗಾರ ಅರ್ಧ ನಿಮಿಷದೊಳಗೆ ಉತ್ತರ ತೆಗೆಯುತ್ತಾನೆ, ಅವನಿಗೆ ಗಣಿತ ಬರಬೇಕಾಗಿಲ್ಲ ಅಂತ ಟೇಲರ್ ಬರೆದಿದ್ದಾರೆ. ನನಗೆ ಆ ಮಾತು ತುಂಬಾ ಹಿಡಿಸಿತು. ಲೆಕ್ಕ ಆಫೀಸಿನ ಮೇಜಿನ ಮೇಲೆ ಇದ್ದರೆ ಸಾಲದು, ಮಷಿನ್ ಹತ್ತಿರ ಬರಬೇಕು ಅಲ್ವಾ.

ಇನ್ನು ಕ್ಯಾಲ್ಕುಲೇಟರ್ ವಿಷಯ. ಒಂದು ಶನಿವಾರ ಮೂರು ಹೊಸ ಮೂಲೆ ಬದಿಗಿಟ್ಟುಕೊಂಡು ಮೂರು ವೇಗದಲ್ಲಿ ಓಡಿಸಿದೆವು. ಐದೈದು ಪೀಸಿಗೆ ನಿಲ್ಲಿಸಿ, ಕೂಲೆಂಟ್ ಒರೆಸಿ, ಸ್ಕೇಲ್ ಇರುವ 10 ಪಟ್ಟಿನ ಭೂತಗನ್ನಡಿಯಲ್ಲಿ ಮೂಲೆ ನೋಡುವುದು. ತುದಿಯ ಕೆಳಗೆ, ಪಕ್ಕದ ಮೈಯಲ್ಲಿ, ಕಪ್ಪು ಕೋಟಿಂಗ್ ಹೋಗಿ ಬೂದು ಬಣ್ಣದ ತೆಳು ಪಟ್ಟಿ ಕಾಣುತ್ತದೆ. ಮೊದಲಿಗೆ ಕೂದಲೆಳೆಯಷ್ಟು. ಆಮೇಲೆ ನಿಧಾನಕ್ಕೆ ಅಗಲವಾಗುತ್ತದೆ. ಅದು 0.3 ಎಂಎಂ ಮುಟ್ಟಿದರೆ ಮೂಲೆ ಮುಗಿಯಿತು ಅಂತ ಲೆಕ್ಕ. ಟೂಲ್ ಲೈಫ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3685 ಹೇಳುವುದೂ ಅದೇ ಅಂಕಿ. 240ರಲ್ಲಿ 38 ಪೀಸ್, ಅಂದರೆ 12 ನಿಮಿಷದ ಕಟಿಂಗ್. 210ರಲ್ಲಿ 58 ಪೀಸ್, 21 ನಿಮಿಷ. 180ರಲ್ಲಿ 90 ಪೀಸ್, 38 ನಿಮಿಷ. ವೇಗ ಕಾಲು ಭಾಗ ಇಳಿಸಿದ್ದಕ್ಕೆ ಆಯುಷ್ಯ ಮೂರು ಪಟ್ಟು! ನಾನೇ ಎರಡು ಸಲ ಎಣಿಸಿದೆ.

ಈ ಮೂರು ಜೋಡಿ ಅಂಕಿ ಕೈಯಲ್ಲಿದ್ದರೆ ಉಳಿದದ್ದು ಈ ಕ್ಯಾಲ್ಕುಲೇಟರ್ ಕೆಲಸ. ಮೋಡ್ ಒತ್ತಿ 3 ಆರಿಸಿದರೆ ಸ್ಟ್ಯಾಟ್, ಅಂದರೆ ಅಂಕಿಅಂಶದ ಮೋಡ್. ಅದರಲ್ಲಿ 7ನೆಯದು ಘಾತದ ಸಮೀಕರಣ, ಟೇಲರ್ ಸೂತ್ರದ್ದೇ ರೂಪ. ಎಕ್ಸ್ ಸಾಲಿಗೆ ನಿಮಿಷ, ವೈ ಸಾಲಿಗೆ ವೇಗ. ತಿರುಗಾಮುರುಗಾ ಹಾಕಬೇಡಿ, ಹಾಕಿದರೆ ಎನ್ ಬದಲು ಮೈನಸ್ 4ರ ಹತ್ತಿರದ ಅಂಕಿ ಬರುತ್ತದೆ. ಸರಿಯಾಗಿ ಹಾಕಿದರೆ 'ಎ' ಅಂದರೆ ನಮ್ಮ ಸಿ, 'ಬಿ' ಅಂದರೆ ಮೈನಸ್ ಎನ್. ನಮಗೆ ಬಂದದ್ದು 447 ಮತ್ತು ಮೈನಸ್ 0.25. ಜೊತೆಗೆ 'ಆರ್' ಅಂತ ಒಂದು ಅಂಕಿ ಕೊಡುತ್ತದೆ. ಅದು ಮೈನಸ್ 1ಕ್ಕೆ ಎಷ್ಟು ಹತ್ತಿರವೋ ನಮ್ಮ ಅಳತೆ ಅಷ್ಟು ನಂಬಬಹುದು. ನಮ್ಮದು ಮೈನಸ್ 0.9997. ಒಂದು ಸಲ ಬೇರೆ ಜಾಬ್‌ನಲ್ಲಿ ಇದೇ ಅಂಕಿ ಮೈನಸ್ 1ರಿಂದ ದೂರ ಉಳಿದು, ಮೈನಸ್ 0.9 ಕೂಡ ಮುಟ್ಟಲಿಲ್ಲ. ಹೋಗಿ ನೋಡಿದರೆ ಒಂದು ಮೂಲೆ ಸವೆದಿರಲಿಲ್ಲ, ಚಿಕ್ಕದಾಗಿ ಚಕ್ಕೆ ಎದ್ದಿತ್ತು. ಭೂತಗನ್ನಡಿ ತಪ್ಪಿಸಿದ್ದನ್ನು ಕ್ಯಾಲ್ಕುಲೇಟರ್ ಹಿಡಿದುಕೊಟ್ಟಿತು.

ಸಿ ಸಿಕ್ಕ ಮೇಲೆ ಮೊದಲು ನೋಡಿದ್ದು ಡಬ್ಬಿಯ ಅಂಕಿಯನ್ನು. 15 ನಿಮಿಷಕ್ಕೆ ಲೆಕ್ಕ ಹಾಕಿದರೆ 227. ಡಬ್ಬಿ ಸುಳ್ಳು ಹೇಳಿರಲಿಲ್ಲ. ನಮಗೆ ಬೇಕಿದ್ದ ಆಯುಷ್ಯ ಬೇರೆ, ಅಷ್ಟೇ.

ನಮ್ಮ ಪ್ರಶ್ನೆ ಸ್ವಲ್ಪ ಗಂಟಿನದು. ವೇಗ ಇಳಿಸಿದರೆ ಟಿಪ್ಪು ಜಾಸ್ತಿ ನಿಮಿಷ ಬಾಳುತ್ತದೆ, ಆದರೆ ಒಂದೊಂದು ಪೀಸಿಗೂ ಜಾಸ್ತಿ ಹೊತ್ತು ಹಿಡಿಯುತ್ತದೆ. ಈ ಜಾಬ್‌ಗೆ ಒಂದು ಪೀಸಿನ ಕಟಿಂಗ್ ಸಮಯ 75.4 ಭಾಗಿಸು ವೇಗ. ವ್ಯಾಸ, ಉದ್ದ, ಫೀಡ್ ಹಾಕಿದರೆ ಬರುವ ಅಂಕಿ ಅದು. 80 ಪೀಸಿಗೆ 6032 ಭಾಗಿಸು ವೇಗ. ಅದು ಟಿಪ್ಪಿನ ಆಯುಷ್ಯಕ್ಕೆ ಸಮನಾಗಬೇಕು. ಗೊತ್ತಿಲ್ಲದ ವೇಗ ಎರಡೂ ಕಡೆ ಕೂತಿದೆ. ಇಂಥದ್ದಕ್ಕೆ ಸಾಲ್ವ್ ಅಂತ ಒಂದು ಕೀಲಿ ಇದೆ. ಸಮೀಕರಣವನ್ನು ಪುಸ್ತಕದಲ್ಲಿ ಬರೆದ ಹಾಗೇ ಪರದೆಯ ಮೇಲೆ ಬರೆದು, ಶಿಫ್ಟ್ ಮತ್ತು ಕ್ಯಾಲ್ಕ್ ಒತ್ತಿ, ಅಂದಾಜು 200 ಕೊಟ್ಟೆ. ಒಂದೆರಡು ಕ್ಷಣ ಯೋಚಿಸಿ 187.8 ಅಂದಿತು. 185 ಇಟ್ಟೆವು, 1178 ಆರ್‌ಪಿಎಂ.

ಅಂದಿನಿಂದ ಆ ಜಾಬ್ ಬಂದಾಗಲೆಲ್ಲ 80 ಪೀಸ್ ಆದ ಕೂಡಲೇ ಮೂಲೆ ತಿರುಗುತ್ತದೆ. ಸಮಯದಲ್ಲಿ ದೊಡ್ಡ ಲಾಭ ಆಯಿತು ಅಂತ ನಾನು ಹೇಳುವುದಿಲ್ಲ. ಪೀಸಿಗೆ ಐದಾರು ಸೆಕೆಂಡ್ ಜಾಸ್ತಿ ಹೋಗುತ್ತದೆ, 80 ಪೀಸಿಗೆ ಏಳೂವರೆ ನಿಮಿಷ. ಮೊದಲು ಅಷ್ಟೇ ಹೊತ್ತು ಎರಡು ಸಲ ಮೂಲೆ ಬದಲಿಸಲು ಹೋಗುತ್ತಿತ್ತು, ಈಗ ಅದು ಟೀ, ಊಟದ ಹೊತ್ತಿನಲ್ಲೇ ಆಗುತ್ತದೆ. ಅಲ್ಲಿಗೆ ಸರಿಸಮ. ಉಳಿದದ್ದು ಟಿಪ್ಪು. ಸಾವಿರ ಪೀಸಿಗೆ 26ಕ್ಕೂ ಜಾಸ್ತಿ ಮೂಲೆ ಹೋಗುತ್ತಿತ್ತು, ಈಗ 13ರೊಳಗೆ ಮುಗಿಯುತ್ತದೆ. ದಪ್ಪ ಉಳಿದ ಪೀಸ್‌ಗಳ ರಾಶಿ ಹೋಯಿತು. ಹುಡುಗನ ಮುಖದಲ್ಲಿದ್ದ ಗಾಬರಿ ಹೋಯಿತು. ನನಗೆ ಅದೇ ದೊಡ್ಡದು.

ಒಂದು ಎಚ್ಚರಿಕೆ. ಕಬ್ಬಿಣದ ಲಾಟ್ ಬದಲಾದರೆ ಸಿ ಬದಲಾಗುತ್ತದೆ. ಕಳೆದ ವರ್ಷ ಒಂದು ಲಾಟ್ ಸ್ವಲ್ಪ ಗಟ್ಟಿ ಬಂತು, 60 ಪೀಸಿಗೇ ಪಟ್ಟಿ 0.3 ದಾಟಿತ್ತು. ಫೀಡ್, ಡೆಪ್ತ್ ಬದಲಿಸಿದರೂ ಪರೀಕ್ಷೆ ಹೊಸದಾಗಿ ಮಾಡಬೇಕು. ವೇಗ ತೀರಾ ಇಳಿಸಿದರೆ ಲೋಹ ತುದಿಗೆ ಅಂಟಿಕೊಂಡು ಸೂತ್ರವೇ ನಡೆಯುವುದಿಲ್ಲ. ಇದು ಕ್ಯಾಲ್ಕುಲೇಟರ್ ದೋಷವಲ್ಲ, ಆದರೆ ಅಂಕಿ ಚೆನ್ನಾಗಿ ಬಂತು ಅಂತ ಟಿಪ್ಪನ್ನು ನೋಡುವುದು ಬಿಡಬಾರದು.

ಫೋನ್ ಇದೆಯಲ್ಲ ಅಂತ ಕೇಳಬಹುದು. ಕೂಲೆಂಟ್ ಕೈಯಲ್ಲಿ ಫೋನ್ ಪರದೆ ಮಾತು ಕೇಳುವುದಿಲ್ಲ. ಇದರ ಕೀಲಿಗಳು ಗಟ್ಟಿ, ಎಣ್ಣೆ ಬೆರಳಿನಲ್ಲೂ ಒತ್ತಿದ್ದು ಗೊತ್ತಾಗುತ್ತದೆ. ಎರಡು ವರ್ಷದಲ್ಲಿ 5 ಮತ್ತು ಸಮ ಚಿಹ್ನೆಯ ಅಂಚು ಸ್ವಲ್ಪ ಮಾಸಿದೆ. ಎರಡು ಸಲ ಸಿಮೆಂಟ್ ನೆಲಕ್ಕೆ ಬಿತ್ತು, ಜಾರಿಸುವ ಮುಚ್ಚಳ ಹಾಕಿದ್ದರಿಂದ ಏನೂ ಆಗಲಿಲ್ಲ. ಸೋಲಾರ್ ಜೊತೆಗೆ ಎಲ್‌ಆರ್44 ಬಟನ್ ಸೆಲ್ ಇದೆ, ಇನ್ನೂ ಬದಲಿಸಿಲ್ಲ.

ಬೇಜಾರಿನ ವಿಷಯ ಎಂದರೆ ಮರೆವು. ಸ್ಟ್ಯಾಟ್ ಮೋಡ್ ಬಿಟ್ಟು ಆಚೆ ಬಂದರೆ ಹಾಕಿದ ಅಂಕಿಗಳೆಲ್ಲ ಅಳಿಸಿಹೋಗುತ್ತವೆ. ಸಾಲ್ವ್ ಇರುವುದು ಬೇರೆ ಮೋಡಿನಲ್ಲಿ. ಮೊದಲ ದಿನ ಮೂರು ಸಲ ಅಂಕಿ ಕಳೆದುಕೊಂಡು ಮತ್ತೆ ಹಾಕಿದ್ದಾಯಿತು. ಉಪಾಯ ಇದೆ: ಮೋಡ್ ಬಿಡುವ ಮೊದಲೇ ಎರಡು ಉತ್ತರವನ್ನೂ ಸಿ, ಡಿ ಅನ್ನುವ ಮೆಮೊರಿಗೆ ಹಾಕಿಕೊಳ್ಳಿ. ಅವು ಆಫ್ ಮಾಡಿದರೂ ಉಳಿಯುತ್ತವೆ. ಆದರೆ ಸಮೀಕರಣ ಉಳಿಯುವುದಿಲ್ಲ, ಆನ್ ಮಾಡಿದಾಗ ಪ್ರತಿ ಸಲ ಹೊಸದಾಗಿ ಬರೆಯಬೇಕು. ನಾವು ಕೀಲಿ ಒತ್ತುವ ಕ್ರಮವನ್ನು ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಮಷಿನ್ ಬಾಗಿಲಿಗೆ ಅಂಟಿಸಿದ್ದೇವೆ.

ಎಲ್ಲರಿಗೂ ಇದು ಬೇಕಾ? ಕಾರ್ಬೈಡ್ ಟಿಪ್ಪು ಮಾತ್ರ ಬಳಸುವವರು, ಎನ್ 0.25 ಅಂತ ಹಿಡಿದರೆ ಸಾಕು ಅನ್ನುವವರು ಸುಮ್ನೆ ದುಡ್ಡು ಹಾಕಬೇಡಿ. ಅಂಗಡಿಯ ಸಾದಾ ಕ್ಯಾಲ್ಕುಲೇಟರ್‌ನಲ್ಲಿ ವರ್ಗಮೂಲದ ಕೀಲಿ ಇರುತ್ತದೆ. ನಿಮಗೆ ಬೇಕಾದ ನಿಮಿಷ ಒತ್ತಿ, ಆ ಕೀಲಿಯನ್ನು ಎರಡು ಸಲ ಒತ್ತಿ. ಬಂದದ್ದರಿಂದ ಸಿ ಅನ್ನು ಭಾಗಿಸಿ. ನಮ್ಮ 80 ಪೀಸಿನ ಕಟಿಂಗ್ ಸುಮಾರು 32 ನಿಮಿಷ; ಅದಕ್ಕೆ 2.378 ಬರುತ್ತದೆ, 447 ಅನ್ನು ಅದರಿಂದ ಭಾಗಿಸಿದರೆ 188. ಉತ್ತರ ಅದೇ. ಬೇರೆ ಬೇರೆ ಲೋಹ ಕಡಿಯುವವರಿಗೆ, ತಮ್ಮದೇ ಎನ್ ಕಂಡುಕೊಳ್ಳಬೇಕು ಅನ್ನುವವರಿಗೆ ಇದು ಬೇಕು. ನಾನು ಕೊಟ್ಟದ್ದು 1300 ರೂಪಾಯಿಯ ಆಸುಪಾಸು. ಇದರ ಡೂಪ್ಲಿಕೇಟ್ ತುಂಬಾ ಓಡಾಡುತ್ತಿದೆ, ಬಿಲ್ಲು ಕೊಡುವ ಕಡೆ ಮಾತ್ರ ತಗೊಳ್ಳಿ.

ಕಳೆದ ವಾರ ಸ್ಟೇನ್‌ಲೆಸ್ 304ರ ಹೊಸ ಜಾಬ್ ಬಂತು. ನಾನು ಜಿಎಸ್‌ಟಿ ಕೆಲಸಕ್ಕೆ ಹೊರಗೆ ಹೋಗಿದ್ದೆ. ಬರುವಷ್ಟರಲ್ಲಿ ಹುಡುಗ ಮೂರು ವೇಗ ನೋಡಿ, ಮೂರು ಮೂಲೆಯನ್ನೂ ಕಾಗದದಲ್ಲಿ ಸುತ್ತಿ ಅಂಕಿ ಬರೆದಿಟ್ಟಿದ್ದ. ಎನ್ 0.21 ಬಂದಿತ್ತು. ವೇಗ ಅವನೇ ಇಟ್ಟ.