ಜಾಮ್‌ನಲ್ಲಿ (ಹಲವರು ಕೂಡಿ ನುಡಿಸುವ ಕಡೆ) ಮೌತ್ ಆರ್ಗನ್‌ಗೆ 5 ವ್ಯಾಟ್ ಆಂಪ್ ಸಾಕಾ?

ಮಂಗಳೂರಿನಲ್ಲಿ ಬ್ಲೂಸ್ (ಅಮೆರಿಕದ ಒಂದು ಸಂಗೀತ ಶೈಲಿ) ಮೌತ್ ಆರ್ಗನ್ ನುಡಿಸುವವರು ಕಮ್ಮಿ. ಕೇಳಿ ತಿಳಿಯಲು ಜನ ಸಿಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಆಂಪ್ (ಸ್ವರ ಜೋರು ಮಾಡುವ ಪೆಟ್ಟಿಗೆ) ಫೆಂಡರ್ ಚಾಂಪಿಯನ್ 600. 5 ವ್ಯಾಟ್, 6 ಇಂಚಿನ ಸ್ಪೀಕರ್, ಸ್ವರ ಹಿಗ್ಗಿಸುವ ಗಾಜಿನ ಟ್ಯೂಬ್ ಎರಡೇ, ಒಂದೇ ನಾಬ್. ಸ್ಕೂಟರಿನ ಮುಂದೆ ಇಟ್ಟುಕೊಂಡು ಕದ್ರಿಗೆ ಹೋಗಬಹುದು.

ಇದರ ಸ್ವರ ನನಗೆ ಬಹಳ ಇಷ್ಟ. ಬುಲೆಟ್ ಮೈಕನ್ನೂ (ಗುಂಡಿನಾಕಾರದ, ಕೈಯಲ್ಲಿ ಹಿಡಿಯುವ ಮೈಕ್) ಮೌತ್ ಆರ್ಗನ್ನನ್ನೂ ಗಾಳಿ ಸೋರದಂತೆ ಅಂಗೈಯಲ್ಲಿ ಮುಚ್ಚಿ ಊದಿ. ಸ್ವರ ದಪ್ಪಗಾಗಿ, ಅಂಚಿನಲ್ಲಿ ಸ್ವಲ್ಪ ಒಡೆಯುತ್ತದೆ. ಬೆರಳು ಸಡಿಲಿಸಿದರೆ ತಿಳಿಯಾಗುತ್ತದೆ. ಬ್ಲೂಸ್ ಮೌತ್ ಆರ್ಗನ್ ವಾದಕ ಲಿಟಲ್ ವಾಲ್ಟರ್ 1950ರ ದಶಕದಲ್ಲಿ ಷಿಕಾಗೋದಲ್ಲಿ ಹಿಡಿದ ದಾರಿ ಇದೇ ಅಲ್ವಾ!

ವಾಲ್ಯೂಮ್ ಏರಿಸಿದರೆ ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಕೂಗು ಬರುತ್ತದೆ. ನಾನು 12ಎಎಕ್ಸ್7 ತೆಗೆದು 12ಎಯು7 ಟ್ಯೂಬ್ ಹಾಕಿದೆ. ಗೇನ್ (ಸ್ವರ ಹಿಗ್ಗಿಸುವ ಪ್ರಮಾಣ) ಇಳಿಯಿತು, ಕೂಗೂ ಹತೋಟಿಗೆ ಬಂತು. ಆಫ್ ಮಾಡಿ, ತಣ್ಣಗಾದ ಮೇಲೆಯೇ ಟ್ಯೂಬ್ ಮುಟ್ಟಿ.

ಜೋರು ಡ್ರಮ್ಸ್ ಎದುರು 5 ವ್ಯಾಟ್ ಕೇಳಿಸುವುದಿಲ್ಲ. ಆಂಪನ್ನು ನೆಲದಲ್ಲಿ ಇಡಬೇಡಿ, ಕುರ್ಚಿ ಮೇಲಿಡಿ. ಸ್ಪೀಕರ್ ಮುಂದೆ ಒಂದು ಮೈಕ್ ಇಟ್ಟು ಹಾಲ್‌ನ ಸೌಂಡ್ ಸಿಸ್ಟಮ್‌ಗೆ ಕೊಡಿ. ಆ ಸೌಕರ್ಯ ಇಲ್ಲದ ಕಡೆ 15 ವ್ಯಾಟಿನ ಬ್ಲೂಸ್ ಜೂನಿಯರ್ ಆಂಪ್ ಒಳ್ಳೆಯದು. ಆದರೆ ಅದು ಸ್ಕೂಟರಿನಲ್ಲಿ ಹೋಗುವ ಸಾಮಾನಲ್ಲ.