ಓವನ್, ಕುಕ್ಕರ್, ಕೆಂಡ: ಕುರಿತೊಡೆ ಒಂದೇ, ಆಲೂಗಡ್ಡೆ ಮೂರು ಥರ

ಮಾಂಸ ಬೆಣ್ಣೆ, ಆಲೂಗಡ್ಡೆ ಕಲ್ಲು. ಮನೆಯಲ್ಲಿ ಮೊದಲ ಸಲ ಮಾಡಿದ ಕುರಿತೊಡೆ ರೋಸ್ಟಿನ ಕಥೆ ಇಷ್ಟೇ. ಎರಡೂವರೆ ಗಂಟೆ ಓವನ್ನಿನಲ್ಲಿ ಕೂತಿದ್ದರೂ ಗೆಡ್ಡೆಯೊಳಗೆ ಚಾಕು ಇಳಿಯಲಿಲ್ಲ. ಊರಿಂದ ಬಂದಿದ್ದ ಅತ್ತೆ ಒಂದು ಹೋಳು ಕಡಿದು ನೋಡಿ, "ಹುಳಿ ಬಿಟ್ಬುಟ್ಟು ಗೆಡ್ಡೆ ಬೇಯ್ಲಿ ಅಂದ್ರೆ ಎಲ್ ಬೇಯ್ತದೆ ಮಗ?" ಅಂದರು. ನಾನು ಗ್ರೀಕರ ಕ್ರಮ ಅಂತ ಎರಡು ನಿಂಬೆಹಣ್ಣಿನ ರಸವನ್ನು ಮಾಂಸಕ್ಕೂ ಗೆಡ್ಡೆಗೂ ಒಟ್ಟಿಗೇ ಹಿಂಡಿದ್ದೆ. ತರಕಾರಿ ಬೆಂದ ಮೇಲೇ ಹುಣಸೆರಸ ಬಿಡಬೇಕು ಅನ್ನೋದು ಚಿಕ್ಕಂದಿನಿಂದ ಗೊತ್ತು; ಓವನ್ ಮುಂದೆ ನಿಂತ ತಕ್ಷಣ ಅದು ಮರೆತೇಹೋಗಿತ್ತು. ತರಕಾರಿಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಸುಲಭಕ್ಕೆ ಕರಗುವುದಿಲ್ಲ. ಗ್ರೀಕರೇನೋ ನಿಂಬೆ ಹಾಕಿಯೇ ಬೇಯಿಸುತ್ತಾರೆ, ಆದರೆ ತಟ್ಟೆ ತುಂಬ ನೀರು, ಎಣ್ಣೆ ಬಿಟ್ಟು, ಬೇಕಾದಷ್ಟು ಹೊತ್ತು ಬಿಡುತ್ತಾರೆ.

ಆಮೇಲೆ ಹಟ ಬಂತು. ಒಂದೇ ಅಂಗಡಿಯ ಕುರಿ, ಒಂದೇ ಮಸಾಲೆ (ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು, ಉಪ್ಪು, ಎಣ್ಣೆ, ಹುರಿದ ಕೊತ್ತಂಬರಿ ಬೀಜ) ಇಟ್ಟುಕೊಂಡು ಮೂರು ದಾರಿ ನೋಡಿದೆ: ಓಟಿಜಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್), ಪ್ರೆಶರ್ ಕುಕ್ಕರ್, ಮತ್ತು ಅತ್ತೆ ಮನೆಯ ಸೌದೆ ಒಲೆ.

ಅದಕ್ಕೂ ಮೊದಲು ಮಾಂಸದ ವಿಷಯ. ಇಂಗ್ಲೆಂಡಿನವರು ಬರೆದ ಪಾಕವಿಧಾನದಲ್ಲಿನ ಗಂಟೆ-ನಿಮಿಷ ನಮ್ಮ ಕುರಿಗೆ ಹೊಂದುವುದಿಲ್ಲ. ಅವರ ತೊಡೆ ಎರಡು ಕೆಜಿ ದಾಟಿರುತ್ತದೆ, ಮೇಲೆ ಬಿಳಿ ಕೊಬ್ಬಿನ ಹೊದಿಕೆ, ಕಡಿದ ಮೇಲೆ ಕೆಲವು ದಿನ ತಂಪಿನಲ್ಲಿ ನೇತುಹಾಕಿರುತ್ತಾರೆ. ನಮ್ಮದು ಬೆಳಿಗ್ಗೆ ಕಡಿದದ್ದು, ಒಂದೂವರೆ ಕೆಜಿ, ಕೊಬ್ಬು ಕಮ್ಮಿ. ಕಡಿದ ದಿನವೇ ರೋಸ್ಟಿಗಿಟ್ಟರೆ ಮಾಂಸ ಬಿಗಿದುಕೊಂಡಿರುತ್ತದೆ. ಉಪ್ಪು ಸವರಿ ಎರಡು ದಿನ ಫ್ರಿಜ್ಜಿನಲ್ಲಿಟ್ಟರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಬನ್ನೂರು ಕುರಿ ಸಿಕ್ಕರೆ ಬಿಡಬೇಡಿ. ಗಿಡ್ಡ ಕಾಲಿನ, ಅಗಲ ಸೊಂಟದ ಆ ಜಾತಿಯ ತೊಡೆಯಲ್ಲಿ ಮಾಂಸವೂ ದಪ್ಪ, ಸಣ್ಣ ಓವನ್ನಿಗೂ ಸರಿಯಾಗಿ ಕೂರುತ್ತದೆ. ಬೇರೆ ಕುರಿಯಾದರೆ ಮೊಣಕಾಲಿನ ಕೆಳಗಿನದ್ದನ್ನು ಅಂಗಡಿಯಲ್ಲೇ ಕಡಿಸಿಕೊಳ್ಳಿ. ಒಮ್ಮೆ ಹಾಗೇ ತಂದು, ಓವನ್ ಬಾಗಿಲು ಮುಚ್ಚಲಾರದೆ, ತೆಂಗಿನಕಾಯಿ ಒಡೆಯುವ ಮಚ್ಚಿನಿಂದ ನಾನೇ ಕಡಿದಿದ್ದೇನೆ. ಅಡುಗೆಮನೆಯ ಕಲ್ಲಿನ ಮೇಲೆ ಆ ಗುರುತು ಇನ್ನೂ ಇದೆ.

ಓವನ್. ನನ್ನದು 28 ಲೀಟರಿನದು. ಮೊದಲ ಇಪ್ಪತ್ತು ನಿಮಿಷ 220 ಡಿಗ್ರಿ, ಆಮೇಲೆ ಫಾಯಿಲ್ ಮುಚ್ಚಿ 160ರಲ್ಲಿ ಎರಡು ಗಂಟೆ. ಸಣ್ಣ ಓವನ್ನಿನಲ್ಲಿ ಮೇಲಿನ ರಾಡು ಮಾಂಸದ ತಲೆಯ ಮೇಲೇ ಇರುತ್ತದೆ, ಫಾಯಿಲ್ ಇಲ್ಲದಿದ್ದರೆ ಒಂದು ಬದಿ ಇದ್ದಿಲು. ಗೆಡ್ಡೆಯನ್ನು ಈ ಸಲ ಬೇರೆಯಾಗಿ ನೋಡಿಕೊಂಡೆ. ಎರಡು ಲೀಟರ್ ಉಪ್ಪುನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ, ಬಸಿದು, ಪಾತ್ರೆಯಲ್ಲೇ ಜೋರಾಗಿ ಕುಲುಕಿದೆ. ಹುಳಿ ಏನು ಮಾಡುತ್ತದೋ ಸೋಡಾ ಅದರ ತಿರುಗುಮುರುಗು: ಹೋಳಿನ ಅಂಚು ಕರಗಿ ಹಿಟ್ಟುಹಿಟ್ಟಾಗುತ್ತದೆ, ಕೊಬ್ಬಿನಲ್ಲಿ ಹುರಿದಾಗ ಆ ಹಿಟ್ಟೇ ಗರಿ. ತಟ್ಟೆಗಿಳಿದ ಕೊಬ್ಬಿನಲ್ಲಿ ಹೊರಳಿಸಿ, ಮಾಂಸ ಹೊರಗೆ ತೆಗೆದಿಟ್ಟು, ಗೆಡ್ಡೆಗಷ್ಟೇ 200 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಮಾಂಸ ಫಾಯಿಲಿನೊಳಗೆ ಬಿಸಿಯಾಗೇ ಇತ್ತು, ರಸವೆಲ್ಲ ಒಳಗೇ ನಿಂತಿತ್ತು. ಗೆಡ್ಡೆ ಕಚ್ಚಿದರೆ ಹೊರಗೆ ಹಪ್ಪಳ, ಒಳಗೆ ಹತ್ತಿ. ಮಕ್ಕಳು ಮಾಂಸ ಬಿಟ್ಟು ಅದಕ್ಕೇ ಕಿತ್ತಾಡಿದರು. ತೊಂದರೆ ಎಂದರೆ ಹೊತ್ತು, ಕರೆಂಟು. ಒಮ್ಮೆ ಗೆಡ್ಡೆ ಇಟ್ಟ ಹತ್ತೇ ನಿಮಿಷಕ್ಕೆ ಕರೆಂಟ್ ಹೋಗಿ, ಉಳಿದದ್ದನ್ನು ಬಾಣಲೆಯಲ್ಲಿ ಹುರಿದು ಮಾನ ಉಳಿಸಿಕೊಂಡೆ.

ಕುಕ್ಕರಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ತೊಡೆಯನ್ನು ಮೂರು ತುಂಡು ಮಾಡಿಸಿ, ಒಂದು ಲೋಟ ನೀರು ಬಿಟ್ಟು, ನಾಲ್ಕು ವಿಶಲ್, ಆಮೇಲೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಬೇಯುವುದು ಬೇಯುತ್ತದೆ, ರೋಸ್ಟ್ ಆಗುವುದಿಲ್ಲ. ಕುಕ್ಕರಿನೊಳಗಿನ ಬಿಸಿ 120 ಡಿಗ್ರಿಯ ಹತ್ತಿರ ನಿಲ್ಲುತ್ತದೆ, ಅದೂ ಹಬೆಯ ಒದ್ದೆಯಲ್ಲಿ; ಮಾಂಸ ಕೆಂಪಗಾಗಲು ಒಣ ಶಾಖ ಬೇಕು, 140ರ ಮೇಲೆ. ಹಾಗಾಗಿ ಕೊನೆಗೆ ಕಬ್ಬಿಣದ ಬಾಣಲೆಗೆ ಹಾಕಿ ಹುರಿಯಲೇಬೇಕು, ಆಗ ಮೆತ್ತಗಾದ ಮಾಂಸ ಮೂಳೆ ಬಿಟ್ಟು ಉದುರುತ್ತದೆ. ಗೆಡ್ಡೆಯನ್ನು ಜೊತೆಗೇ ಹಾಕಿದ ಸಲ ಪಲ್ಯವಾಯಿತು. ಆದರೂ ಒಂದು ಮಾತು ನಿಜ, ರುಚಿಯೆಲ್ಲ ಹೋಗಿ ಸೇರಿದ್ದ ಆ ಒಂದು ಲೋಟ ನೀರು! ಮಾರನೇ ದಿನ ಅದಕ್ಕೆ ಖಾರ ಅರೆದು ಹಾಕಿ ಸಾರು ಮಾಡಿ ಮುದ್ದೆ ಉಂಡೆವು. ರೋಸ್ಟಿಗಿಂತ ಅದೇ ಚೆನ್ನಾಗಿತ್ತು.

ಸೌದೆ ಒಲೆಯದು ಅತ್ತೆಯ ಹುಕುಂ. ಬಿರಿಯಾನಿ ಮಾಡುವ ದಪ್ಪ ತಳದ ಪಾತ್ರೆ, ತಳಕ್ಕೆ ದಪ್ಪ ದಪ್ಪ ಸೀಳಿದ ಗೆಡ್ಡೆ, ಅದರ ಮೇಲೆ ಮಾಂಸ, ಅಂಚಿಗೆ ಗೋಧಿಹಿಟ್ಟು ಮೆತ್ತಿ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕೆಂಡ. ಕೆಳಗೂ ಉರಿ ಇಲ್ಲ, ಬರೀ ಕೆಂಡ. ಇಲ್ಲಿ ತೊಡೆಯ ಬದಲು ಹೆಗಲ ಸಮೇತ ಮುಂಗಾಲು ಹಾಕಿದ ಸಲವೇ ಗೆದ್ದದ್ದು. ಅದರಲ್ಲಿ ನಾರು, ಬಿಳಿ ಪೊರೆ ಜಾಸ್ತಿ. ನಿಧಾನದ ಶಾಖಕ್ಕೆ ಅವೆಲ್ಲ ಕರಗಿ ಅಂಟಂಟು ರಸವಾಗಿ ಗೆಡ್ಡೆಗೆ ಇಳಿಯುತ್ತದೆ. ಮೂರು ಗಂಟೆಯ ನಂತರ ತಟ್ಟೆ ಎತ್ತುವಾಗ ಆತುರಪಟ್ಟು ಒಂದಿಷ್ಟು ಬೂದಿ ಒಳಗೆ ಉದುರಿಸಿದೆ. ಅತ್ತೆ ಏನೂ ಅನ್ನದೆ ಸೌಟಿನಿಂದ ಬಾಚಿ ಎಸೆದರು. ಗೆಡ್ಡೆಯ ತಳ ಕೆಂಪಗೆ ಹತ್ತಿಕೊಂಡಿತ್ತು, ಮೇಲ್ಭಾಗ ರಸ ಕುಡಿದು ಮೆತ್ತಗೆ. ಗರಿ ಅಂತೂ ಇಲ್ಲ. ಆದರೆ ಮಾಂಸದ ರುಚಿ ಗೆಡ್ಡೆಯ ನಡುವಿನವರೆಗೂ ಇಳಿದದ್ದು ಇದೊಂದರಲ್ಲೇ.

ಯಾವ ದಾರಿ ಹಿಡಿದರೂ ಗೆಡ್ಡೆ ನೋಡಿ ತನ್ನಿ. ಹಾಸನದ ಕಡೆಯಿಂದ ಬರುವ, ಸಿಪ್ಪೆ ಉಜ್ಜಿದರೆ ಕಿತ್ತುಬರುವ ಹೊಸ ಗೆಡ್ಡೆಯಲ್ಲಿ ನೀರಿನಂಶ ಜಾಸ್ತಿ; ಕೆಂಡದ ಪಾತ್ರೆಗೆ ಅದು ಸೊಗಸು, ಓವನ್ನಿನಲ್ಲಿ ಗರಿಯಾಗದು. ಓವನ್ನಿಗೆ ಬಲಿತ, ಒಣ ಸಿಪ್ಪೆಯದೇ ಬೇಕು. ಆದರೆ ಕೋಲ್ಡ್ ಸ್ಟೋರೇಜಿನಲ್ಲಿ ಬಹಳ ದಿನ ಇದ್ದದ್ದು ಬೇಡ, ಚಳಿಗೆ ಅದರ ಪಿಷ್ಟ ಸಕ್ಕರೆಯಾಗಿ, ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಮನೆಯ ಫ್ರಿಜ್ಜಿನಲ್ಲಿಟ್ಟರೂ ಇದೇ ಪಾಡು.

ನೆಂಟರು ಬಂದರೆ ಈಗ ನಾನು ಓವನ್ನೇ ಹಚ್ಚುವುದು. ಊರಿಗೆ ಹೋದರೆ ಅತ್ತೆಯ ಒಲೆ ಮುಂದೆ ಕೂರುವುದು. ಕುಕ್ಕರ್ ಹತ್ತಿಸಿದರೆ ಸಾರಿಗೆ ಅಂತಲೇ ಹತ್ತಿಸುತ್ತೇನೆ, ರೋಸ್ಟ್ ಅನ್ನುವ ಹೆಸರು ಕೊಡುವುದಿಲ್ಲ. ನಿಂಬೆಹಣ್ಣು ಹೋಳು ಮಾಡಿ ತಟ್ಟೆಯ ಪಕ್ಕಕ್ಕೆ ಇಡುತ್ತೇನೆ, ಬೇಕಾದವರು ಹಿಂಡಿಕೊಳ್ಳಲಿ.