ಮಲ್ಪೇಲಿ ಹಳೇ ಬೋಟ್ ತಗೊಂಡೆ: ಬ್ರೋಕರಿಗೆ 2 ಸ್ಟಾರ್, ಫೈಬರ್ ಮೇಸ್ತ್ರಿಗೆ 5

ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ (ಬೋಟಲ್ಲಿ ಬಲೆ ಎಳೆದು ಮೀನು ಹಿಡಿಯೋದು) ಬಂದ್ ಇರುತ್ತಲ್ಲ ಮಾರಾಯ್ರೆ, ಸೆಕೆಂಡ್ ಹ್ಯಾಂಡ್ ಬೋಟ್ ನೋಡೋಕೆ ಅದೇ ಟೈಮು, ಸುಮಾರು ಬೋಟು ದಡದ ಮೇಲಿರ್ತವೆ, ಅಡಿ ಸರಿಯಾಗಿ ಕಾಣ್ಸುತ್ತೆ.

ಬ್ರೋಕರ್ ಫೋನಲ್ಲಿ "ಹೊಸತರ ಹಾಗೇ ಉಂಟು ಅಣ್ಣ" ಅಂದ. ಹೋಗಿ ಮುಟ್ಟಿದ್ರೆ ಪೇಂಟ್ ಇನ್ನೂ ಕೈಗೆ ಅಂಟ್ತಿತ್ತು! ಮಾರೋ ಮುಂಚೆ ಪೇಂಟ್ ಬಿತ್ತು ಅಂದ್ರೆ ಏನೋ ಮುಚ್ಚಿದಾರೆ ಅಂತ್ಲೇ ನನ್ನ ಲೆಕ್ಕ.

ಪುಣ್ಯಕ್ಕೆ ನಮ್ಮ ಕಡೆ ಮೇಸ್ತ್ರಿನ ಕರ್ಕೊಂಡು ಹೋಗಿದ್ದೆ. ಆಸಾಮಿ ಮಾತಿಲ್ಲ ಕಥೆಯಿಲ್ಲ, ಸಣ್ಣ ಸುತ್ತಿಗೆ ಹಿಡ್ಕೊಂಡು ಮುಂದಿಂದ ಹಿಂದಿನವರೆಗೆ ಟಕ್ ಟಕ್ ಅಂತ ಬಡೀತಾ ಹೋದ, ಇಂಜಿನ್ ಕೂರಿಸೋ ಹಲಗೆ ಹತ್ರ ಬಂದಾಗ ಶಬ್ದ ಡಬ್ ಅಂತ ಮಂದ ಆಯ್ತು, ಫೈಬರ್ ಒಳಗಿನ ಮರ ನೀರು ಕುಡಿದು ಮೆತ್ತಗಾಗಿದೆ ಅಂದ. ಬ್ರೋಕರ್ ಮುಖ ನೋಡ್ಬೇಕಿತ್ತು.

ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡ್ತೀನಿ ಅಂತ ಮೊದ್ಲೇ ಹೇಳಿದ್ದೆ, ನಾವು ಹೋಗೋಷ್ಟರಲ್ಲಿ ಬ್ರೋಕರ್ ಡ್ರಮ್ಮಲ್ಲಿ ನೀರು ಹಾಕಿ ಓಡ್ಸಿ ಬಿಸಿ ಮಾಡಿಟ್ಟಿದ್ದ, ಬಿಸಿ ಇದ್ರೆ ಸ್ಟಾರ್ಟಿಂಗ್ ತೊಂದ್ರೆ ಗೊತ್ತಾಗಲ್ವಲ್ಲ. ಗೇರ್ ಆಯಿಲ್ ಬಿಚ್ಚಿದ್ರೆ ಹಾಲು ಹಾಕಿದ ಕಾಫಿ ಥರ, ಅಂದ್ರೆ ಸೀಲ್ ಹೋಗಿ ನೀರು ಒಳಗೆ. ಇನ್ನು ರಿಜಿಸ್ಟ್ರೇಷನ್ ನೋಡಿದ್ರೆ ಅದು ಎರಡು ಓನರ್ ಹಿಂದಿನವರ ಹೆಸ್ರಲ್ಲಿ!

ರಿಪೇರಿ ಖರ್ಚನ್ನ ರೇಟಲ್ಲಿ ಕಮ್ಮಿ ಮಾಡಿಸ್ಕೊಂಡು ತಗೊಂಡೆ. ಮೀನುಗಾರಿಕೆ ಇಲಾಖೆ ಪೇಪರ್ ನನ್ನ ಹೆಸ್ರಿಗೆ ಆಗೋವರೆಗೆ 20 ಸಾವಿರ ಹಿಡ್ಕೊಂಡಿದೀನಿ. ಮೊದ್ಲು ನನ್ನ ಫೋನೇ ಎತ್ತದ ಬ್ರೋಕರ್ ಈಗ ದಿನಾ ಅವ್ನೇ ಮಾಡ್ತಾನೆ.